ವಲ್ಲಿಯ ಕೆಳಗಿನ ಬೆಲೆ

ಕಳೆದ ವಾರ ನನಗೆ ಜ್ವರ ಬಂದಿತ್ತು. ಗಾಬರಿಯಾಗುವಂಥದೇನಲ್ಲ, ಈ ವಯಸ್ಸಿನಲ್ಲಿ ಆಗಾಗ ಬಂದು ಮಾತನಾಡಿಸಿಕೊಂಡು ಹೋಗುವ ಜ್ವರ. ಡಾಕ್ಟರರು ಮನೆಗೇ ಬಂದರು. ಹರೆಯದವರು, ಅವಸರವಿಲ್ಲದವರು. ನಾನು ಹೊದ್ದುಕೊಂಡಿದ್ದ ಶಾಲಿನೊಳಗೇ ಕೈ ಹಾಕಿ ನಾಡಿ ಹಿಡಿದು ಗಡಿಯಾರ ನೋಡುತ್ತ ಕೂತರು. ತುಸು ಹೊತ್ತಿಗೆ ಗಡಿಯಾರ ಬಿಟ್ಟು ನನ್ನ ಮುಖ ನೋಡತೊಡಗಿದರು.

"ಅಜ್ಜಾರ, ನನ್ನ ಹೆಬ್ಬಟ್ಟು ಯಾಕ ಹಿಡಕೊಂಡೀರಿ?"

ನೋಡಿದರೆ ಹೌದು. ಅವರ ಹೆಬ್ಬೆರಳು ನನ್ನ ಮುಷ್ಟಿಯೊಳಗಿತ್ತು. ಬಿಗಿಯಾಗಿಯೇ ಇತ್ತು. ಬಿಟ್ಟೆ, ನಕ್ಕೆ, ತಪ್ಪನ್ನು ಜ್ವರದ ಮೇಲೆ ಹಾಕಿದೆ.

"ಜ್ವರಾ ಅಲ್ರಿ ಅದು," ಎಂದಳು ಬಾಗಿಲಲ್ಲಿ ನಿಂತಿದ್ದ ನನ್ನಾಕೆ. "ಪ್ಯಾಟಿ ಚಟಾ. ಮ್ಯಾಲೆ ಬಟ್ಟಿ ಇದ್ದು ಕೈಯಾಗ ಯಾರದರ ಕೈ ಸಿಕ್ಕರ ಸಾಕು, ಯಾಪಾರ ಚಾಲೂ ಮಾಡ್ತಾರ."

ಡಾಕ್ಟರರಿಗೆ ತಿಳಿಯಲಿಲ್ಲ. ಅವರು ಹುಟ್ಟುವ ಮೊದಲೇ ಆ ವ್ಯಾಪಾರ ನಿಂತುಹೋಗಿತ್ತು. ಅದನ್ನು ನಿಲ್ಲಿಸಿದವರಲ್ಲಿ ನಾನೂ ಒಬ್ಬ ಎಂದು ಹೇಳಿದರೆ, ಅವರು ನನ್ನನ್ನು ದೊಡ್ಡ ಮನುಷ್ಯನೆಂದು ತಿಳಿದು ಫೀ ಬೇಡವೆಂದಾರು ಎಂಬ ಸಂಕೋಚಕ್ಕೆ ಸುಮ್ಮನಿದ್ದೆ. ನಿಮಗಾದರೆ ಹೇಳಬಹುದು. ನಿಮಗೆ ಪುರುಸೊತ್ತಿದೆ, ಇಲ್ಲದಿದ್ದರೆ ಇಂಥದನ್ನು ಓದುತ್ತ ಕೂರುತ್ತಿರಲಿಲ್ಲ.

ನಾನು ಬಾತ್ಮೀದಾರನಾಗಿದ್ದೆ. ದೇಶದ ಬಾತ್ಮಿಯಲ್ಲ, ಪೇಟೆಯ ಬಾತ್ಮಿ. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಪೇಟೆಗಳ ಧಾರಣೆ ಬರೆದು ಕಳಿಸುವುದು ನನ್ನ ಕೆಲಸ. ಹತ್ತಿ ಏನಾಯಿತು, ಮೆಣಸಿನಕಾಯಿ ಏರಿತೋ ಇಳಿಯಿತೋ, ಶೇಂಗಾ ಯಾರು ಕೊಳ್ಳುತ್ತಿದ್ದಾರೆ, ಇಷ್ಟೇ. ನನ್ನ ಓರಗೆಯವರು ಆ ಕಾಲದಲ್ಲಿ ಜೈಲಿಗೆ ಹೋಗಿ ಬಂದು ಹಾರ ಹಾಕಿಸಿಕೊಂಡರು. ನಾನು ಮೆಣಸಿನಕಾಯಿ ಪೇಟೆಗೆ ಹೋಗಿ ಬಂದು ಸೀನುತ್ತಿದ್ದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವಾರವೂ ನನ್ನ ಅಂಕಣ ತಪ್ಪಲಿಲ್ಲ. ಬೆಲ್ಲದ ಬೆಲೆ ತುಸು ಏರಿದೆ ಎಂದು ಬರೆದಿದ್ದೆ.

ಆದರೆ ನಾನು ಪೇಟೆ ಕಲಿತದ್ದು ಪತ್ರಿಕೆಗಾಗಿ ಅಲ್ಲ. ಕಲಿಸಿದವನು ನನ್ನ ಸೋದರಮಾವ ಬಸಲಿಂಗಪ್ಪ.

ಮಾವ ಸವಣೂರು ಪೇಟೆಯಲ್ಲಿ ದಲಾಲ. ರೈತರು ತಂದ ಮಾಲಿಗೆ ಗಿರಾಕಿ ಹುಡುಕಿ, ಬೆಲೆ ಕುದುರಿಸಿ ಕೊಡುವುದು ಅವನ ಕಸುಬು. ನಾನು ಚಿಕ್ಕವನಿರುವಾಗಲೇ ಅಪ್ಪ ತೀರಿಕೊಂಡ. ಅವ್ವ ನನ್ನನ್ನು ಕಟ್ಟಿಕೊಂಡು ಹಾನಗಲ್ಲಿನಿಂದ ತಮ್ಮನ ಮನೆಗೆ ಬಂದಳು. ಮಾವನಿಗೂ ಅವನ ಹೆಂಡತಿ ನಿಂಬವ್ವತ್ತಿಗೂ ಮಕ್ಕಳಿರಲಿಲ್ಲ. ಅಲ್ಲಿ ನನಗೆ ಕಡಿಮೆಯಾದದ್ದು ಏನೂ ನೆನಪಿಲ್ಲ. ಹೆಚ್ಚಾದದ್ದು ನೆನಪಿದೆ: ನಿಂಬವ್ವತ್ತಿ ನನ್ನ ಹಣೆಗೆ ಬಳಿಯುತ್ತಿದ್ದ ವಿಭೂತಿ. ಕಣ್ಣಿಗೆ ಉದುರಿ, ಸಾಲೆಯಲ್ಲಿ ಮೊದಲ ತಾಸು ನಾನು ಅಳುತ್ತಿರುವ ಹುಡುಗನ ಹಾಗೆ ಕಾಣುತ್ತಿದ್ದೆ.

ಮಾವನ ಮಾತು ತೊದಲು. ಸಣ್ಣ ತೊದಲಲ್ಲ. ನ, ಬ, ಮ ಎದುರಾದರೆ ಮಾತು ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿದ್ದವು. ತನ್ನ ಹೆಸರನ್ನೇ ಅವನು ಸಲೀಸಾಗಿ ಹೇಳಲಾರ. ಯಾರಾದರೂ ಕೇಳಿದರೆ ನಿಂಬವ್ವತ್ತಿಯ ಕಡೆ ನೋಡುತ್ತಿದ್ದ. ಗಂಡನ ಹೆಸರು ಹೇಳಬಾರದ ಆಕೆ ನನ್ನ ಕಡೆ ನೋಡುತ್ತಿದ್ದಳು. ನಾನು ಕೂಗಿ ಹೇಳುತ್ತಿದ್ದೆ. ನನಗೆ ಈರಪ್ಪ ಎಂದು ಹೆಸರಿಟ್ಟವನು ಅವನೇ. ಬೇರೆ ನಾಲ್ಕಾರು ಹೆಸರು ಬಂದಿದ್ದವಂತೆ. ಎಲ್ಲವನ್ನೂ ಬಾಯಲ್ಲಿ ಆಡಿಸಿ ನೋಡಿ, ನಾಲಿಗೆಗೆ ಸಿಕ್ಕಿಕೊಳ್ಳದೆ ಹೊರಗೆ ಬಂದದ್ದನ್ನು ಆರಿಸಿದನಂತೆ. "ಈರ್ಯಾ" ಎಂದು ಅವನು ಕರೆಯುವಾಗ ಒಮ್ಮೆಯೂ ತೊದಲಿದ್ದು ನಾನು ಕೇಳಿಲ್ಲ.

ಅಂಥವನು ದಲಾಲ ಹೇಗಾದ ಎಂದು ಕೇಳುತ್ತೀರಿ. ಆಗ ನಮ್ಮ ಪೇಟೆಗಳಲ್ಲಿ ಬೆಲೆಯನ್ನು ಬಾಯಿಂದ ಹೇಳುತ್ತಿರಲಿಲ್ಲ. ಹೆಗಲ ಮೇಲೆ ವಲ್ಲಿ ಇರುತ್ತಿತ್ತಲ್ಲ, ಕೆಂಪು ಅಂಚಿನ ಬಿಳಿ ವಸ್ತ್ರ, ಅದನ್ನು ದಲಾಲನೂ ಗಿರಾಕಿಯೂ ತಮ್ಮ ಬಲಗೈಗಳ ಮೇಲೆ ಹರವುತ್ತಿದ್ದರು. ಅದರ ಕೆಳಗೆ ಬೆರಳುಗಳು ಮಾತಾಡಬೇಕು. ತೋರುಬೆರಳು ಹಿಡಿದರೆ ಒಂದು, ಅದರ ಜೊತೆಗೆ ನಡುಬೆರಳು ಸೇರಿದರೆ ಎರಡು, ಇಡೀ ಕೈ ಹಿಡಿದರೆ ಐದು, ಗಿಣ್ಣು ಒತ್ತಿದರೆ ಅರ್ಧ; ಅದು ಹತ್ತರ ಲೆಕ್ಕವೋ ನೂರರ ಲೆಕ್ಕವೋ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತಿತ್ತು. ಕೊಳ್ಳುವವನು ಕೊನೆಯ ಬೆಲೆ ಹೇಳಿದ ಮೇಲೆ ತನ್ನ ಹೆಬ್ಬೆರಳನ್ನು ಎದುರಿನವನ ಅಂಗೈಯಲ್ಲಿಟ್ಟು ಕಾಯುತ್ತಾನೆ. ಅವನು ಹೆಬ್ಬೆರಳು ಹಿಡಿದರೆ ವ್ಯಾಪಾರ ಆಯಿತು. ಹಿಡಿಯದಿದ್ದರೆ ಇಲ್ಲ. ಸುತ್ತ ನಿಂತವರಿಗೆ ಕಾಣುವುದು ಎರಡು ಸುಮ್ಮನೆ ಕೂತ ಮುಖಗಳು ಮಾತ್ರ.

ಆ ವಸ್ತ್ರದ ಕೆಳಗೆ ಮಾವನಂಥ ಮಾತುಗಾರ ಸವಣೂರಲ್ಲೇ ಇರಲಿಲ್ಲ. ಕೆಣಕುತ್ತಿದ್ದ, ರಮಿಸುತ್ತಿದ್ದ, ಕೈ ಹಿಂದೆಗೆದಂತೆ ಮಾಡಿ ಮತ್ತೆ ಬರುತ್ತಿದ್ದ. ಗಿರಾಕಿಗಳು ಅವನ ಕೈಯಿಂದ ಕೈ ಬಿಡಿಸಿಕೊಳ್ಳುವಾಗ ನಗುತ್ತಿದ್ದರು. ಯಾಕೆ ನಕ್ಕರು ಎಂದು ಕೇಳಿದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಮನೆಯಲ್ಲಿ ಅದೇ ನಮ್ಮಿಬ್ಬರ ಭಾಷೆ. ಸಂಜೆ ಬಂದವನೇ ವಲ್ಲಿಯನ್ನು ನನ್ನ ಕೈ ಮೇಲೆ ಹಾಕಿ ಕೂರುತ್ತಿದ್ದ. ಜೇಬಿನಲ್ಲಿ ಪೇರಲ ಹಣ್ಣು ಇರುತ್ತಿದ್ದವು. ನಾನು ಐದು ಬೇಕೆಂದು ಇಡೀ ಕೈ ಹಿಡಿಯುತ್ತಿದ್ದೆ. ಅವನು ಒಂದು ಎನ್ನುತ್ತಿದ್ದ. ನಾನು ಸಿಟ್ಟಿನಿಂದ ಗಿಲ್ಲುತ್ತಿದ್ದೆ. ಗಿಲ್ಲುವುದಕ್ಕೆ ಪೇಟೆಯಲ್ಲಿ ಯಾವ ಬೆಲೆಯೂ ಇಲ್ಲ, ಮಾವನ ಹತ್ತಿರ ಇತ್ತು, ಎರಡಕ್ಕೆ ಏರುತ್ತಿದ್ದ. ಆಮೇಲೆ ನಾನು ದೊಡ್ಡವನಾಗಿ, ಮದುವೆಯಾಗಿ ಅದೇ ಮನೆಯಲ್ಲಿದ್ದು, ಪೇರಲ ಹಣ್ಣಿನ ವಯಸ್ಸು ದಾಟಿದ ಮೇಲೂ ಆಟ ನಿಲ್ಲಲಿಲ್ಲ. ಊರೂರು ತಿರುಗಿ ಬಂದು ಊಟಕ್ಕೆ ಕೂತರೆ ವಲ್ಲಿ ಬಂದು ಕೈ ಮೇಲೆ ಬೀಳುತ್ತಿತ್ತು: ರೊಟ್ಟಿ ಎಷ್ಟು? ನಾನು ಎರಡು ಅನ್ನುವುದು, ಅವನು ಐದು ಅನ್ನುವುದು. ನಿಂಬವ್ವತ್ತಿ ಒಲೆಯ ಮುಂದಿಂದ, "ಲಗೂ ಮುಗಸ್ರಿ ನಿಮ್ಮ ಯಾಪಾರ, ಹಂಚು ಸುಡಾಕತ್ತೈತಿ," ಎಂದು ಕೂಗುವುದು.

ಮಾವನ ಆಸೆ ನೇರವಾದದ್ದು. ತನ್ನ ವಲ್ಲಿ ನನ್ನ ಹೆಗಲಿಗೆ ಬರಬೇಕು. ಅವನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಮುಲ್ಕಿ ಪರೀಕ್ಷೆ ಪಾಸಾದೆ, ಇಂಗ್ರೇಜಿ ನಾಲ್ಕಕ್ಷರ ಕಲಿತೆ, ಕೆಟ್ಟೆ. ಹುಬ್ಬಳ್ಳಿಯ ಸಂಪಾದಕರು ಯಾರೋ ಹೇಳಿದ್ದನ್ನು ಕೇಳಿ ನನಗೆ ಕಾಗದ ಬರೆದರು. ಪೇಟೆ ಗೊತ್ತಿದ್ದವನು, ಬರೆಯಲು ಬರುವವನು, ಕಡಿಮೆ ಸಂಬಳ ಸಾಕೆನ್ನುವವನು ಬೇಕಾಗಿತ್ತು. ಮೂರೂ ನಾನೇ. ಹಳೆಯದೊಂದು ಸೈಕಲ್ ಕೊಂಡೆ. ಬೇಗನೆ ಗೊತ್ತಾಯಿತು, ಈ ಕೆಲಸದಲ್ಲಿ ಒಂದು ಸಣ್ಣ ತೊಡಕಿದೆ ಎಂದು. ಬೆಲೆ ಬರೆಯಬೇಕಾದವನು ನಾನು. ಬೆಲೆ ಇರುವುದು ಬಟ್ಟೆಯ ಕೆಳಗೆ. ಕೇಳಿದರೆ ದಲಾಲರು, "ಹಂಗ ಐತ್ರಿ, ನಡದೈತ್ರಿ," ಎನ್ನುತ್ತಿದ್ದರು. ಪತ್ರಿಕೆಯಲ್ಲಿ 'ಹಂಗ ಐತಿ' ಎಂದು ಎಷ್ಟು ವಾರ ಅಚ್ಚು ಹಾಕುವುದು?

ಆಗ ನಾನು ಕೈ ನೋಡುವುದನ್ನು ಬಿಟ್ಟು ಮೊಣಕೈ ನೋಡತೊಡಗಿದೆ. ಐದು ಹಿಡಿದರೆ ಮುಂಗೈಯ ಸ್ನಾಯು ಬಿಗಿಯುತ್ತದೆ, ಗಿಣ್ಣು ಒತ್ತಿದರೆ ಮೊಣಕೈ ತುಸು ಅಲುಗುತ್ತದೆ. ಈ ವಿದ್ಯೆಯ ಬಗ್ಗೆ ನನಗೆ ಬಹಳ ಜಂಬ. ಜಂಬ ಇಳಿದದ್ದು ಹಿರೇಕೆರೂರಲ್ಲಿ. ಅಲ್ಲೊಬ್ಬ ದಲಾಲನ ಮೊಣಕೈ ಒಂದೇ ಸಮನೆ ಅಲುಗುವುದನ್ನು ಕಂಡು, ಹತ್ತಿ ಅರ್ಧರ್ಧವಾಗಿ ಮೇಲೇರುತ್ತಿದೆ ಎಂದು ಲೆಕ್ಕ ಹಾಕಿ, 'ಹಿರೇಕೆರೂರು ಹತ್ತಿಗೆ ಭಾರಿ ತೇಜಿ' ಎಂದು ಬರೆದು ಕಳಿಸಿದೆ. ಮುಂದಿನ ಸಂತೆಗೆ ಹಾನಗಲ್ಲ ಕಡೆಯ ಬಂಡಿಗಳೆಲ್ಲ ಹಿರೇಕೆರೂರಿಗೆ ಬಂದು ಬಂಡಿಗೆ ಬಂಡಿ ತಾಗಿ ನಿಂತವು. ತೇಜಿ ಇರಲಿಲ್ಲ. ದಲಾಲನಿಗೆ ಕಜ್ಜಿ ಆಗಿತ್ತು. ಅಲ್ಲಿಂದ ಸೈಕಲ್ ಹತ್ತಿ ಹೊರಟವನು ಆಡೂರಿನವರೆಗೂ ಹಿಂದಿರುಗಿ ನೋಡಲಿಲ್ಲ. ಆಡೂರಿನ ಹಳೆಯ ಶಾಸನದ ಕಲ್ಲಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆ. ಎಂದೋ ಬರೆದವರ ಅಕ್ಷರ ಇನ್ನೂ ಕಲ್ಲಿನ ಮೇಲಿದೆ. ನಾನು ಹೋದ ವಾರ ಬರೆದದ್ದು ನನ್ನ ಬುತ್ತಿಯ ಖಾರದ ಪುಡಿಗೆ ಸುತ್ತಿಕೊಂಡಿತ್ತು.

ಸಂಪಾದಕರು ನನ್ನನ್ನು ತೆಗೆಯಲಿಲ್ಲ. ಬದಲಿಗೆ ಇನ್ನೊಂದು ಅಂಕಣ ಕೊಟ್ಟರು. ಸಂಸಾರಸ್ಥರು ದುಡ್ಡನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಓದುಗರಿಗೆ ಬುದ್ಧಿ ಹೇಳುವ ಅಂಕಣ. 'ಮನೆಯ ಗಂಟು' ಎಂದು ಹೆಸರಿಟ್ಟೆ. ನಮ್ಮ ಮನೆಯ ಗಂಟು ತೊಗರಿಬೇಳೆ ಡಬ್ಬಿಯ ತಳದಲ್ಲಿತ್ತು, ಅದರ ಯಜಮಾನಿಕೆ ನನ್ನಾಕೆಯದು, ಅಳತೆ ನನಗೆ ಗೊತ್ತಿರಲಿಲ್ಲ. "ಊರಿಗೆಲ್ಲಾ ಉಳಸೂದು ಹೇಳ್ತೀರಿ, ಸೈಕಲ್ಲಿನ ಗಾಲಿಗೆ ರೊಕ್ಕಾ ನನ್ನ ಕೇಳ್ತೀರಿ," ಎಂದು ನಗುತ್ತಿದ್ದಳು. ಯುದ್ಧ ಬಂತು. ಬೆಳ್ಳಿಯ ರೂಪಾಯಿ ಕಣ್ಮರೆಯಾಗಿ ಕಾಗದದ ರೂಪಾಯಿ ಬಂತು. ಹಾನಗಲ್ಲ ಸಂತೆಯಲ್ಲಿ ಒಬ್ಬ ಮುದುಕಿ ಆ ನೋಟನ್ನು ನನ್ನ ಮೂಗಿಗೆ ಹಿಡಿದು, "ಪೇಪರಿನ್ಯಾಗ ಬರಿಯಾಂವ ನೀನ ಅಲ್ಲೇನೋ? ಬೆಳ್ಳೀದಾದ್ರ ಒಲಿ ಹಿಂದ ಹೂಳತಿದ್ನಿ. ಇದನ್ನ ಹೂಳಿದ್ರ ಗೆದ್ದಲ ತಿಂತಾವ. ಎಲ್ಲಿಡ್ಲಿ ಹೇಳು," ಎಂದಳು. ಟಪಾಲು ಕಚೇರಿಯಲ್ಲಿಡು ಎಂದೆ. "ಅಲ್ಲಿ ಗೆದ್ದಲ ಇಲ್ಲೇನು?" ಎಂದು ಕೇಳಿದಳು. ಮುಂದಿನ ಅಂಕಣದಲ್ಲಿ ಬೇರೆ ವಿಷಯ ಬರೆದೆ.

ಮಾವ ನನ್ನ ಎರಡೂ ಅಂಕಣ ಓದುತ್ತಿದ್ದ. ತುಟಿ ಅಲುಗಿಸುತ್ತ, ಬೆರಳಿಟ್ಟು, ಸಾಲು ಸಾಲಾಗಿ ಓದುತ್ತಿದ್ದ. ಓದಿ ಮಡಚಿಟ್ಟು ಬೇರೆ ಮಾತು ತೆಗೆಯುತ್ತಿದ್ದ. ನನಗೆ ಸಂಪಾದಕರ ಶಿಫಾರಸು ಬೇಕಿರಲಿಲ್ಲ, ಓದುಗರ ಹೊಗಳಿಕೆಯೂ ಅಷ್ಟು ಬೇಕಿರಲಿಲ್ಲ. ಮಾವ ಒಮ್ಮೆ ಈ ಕೆಲಸವನ್ನು ಒಪ್ಪಿ, ನನ್ನನ್ನು ನಗುತ್ತ ಬಿಟ್ಟುಕೊಡಬೇಕು ಎಂಬುದೊಂದು ಬೇಕಿತ್ತು. ಅವನಿಗೆ ನಾನು ಬೇಕಾಗಿತ್ತು. ಇಬ್ಬರೂ ಕಾಯುತ್ತಿದ್ದೆವು.

ಅಷ್ಟರಲ್ಲಿ ಶಿಗ್ಗಾಂವಿಯಲ್ಲಿ ಒಂದು ಸಂಗತಿ ನಡೆಯಿತು. ಒಬ್ಬ ರೈತ, ವಯಸ್ಸಾದವನು, ತನ್ನ ಹತ್ತಿಯ ಗುಡ್ಡೆಯ ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣ ಮುಂದೆಯೇ ಇಬ್ಬರು ವಲ್ಲಿ ಹರವಿ, ಬೆರಳಾಡಿಸಿ, ಎದ್ದು ಹೋದರು. ಅವನು ನನ್ನ ಕೈಯಲ್ಲಿ ಪೆನ್ಸಿಲ್ ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ತಮ್ಮಾ, ನನ್ನ ಹತ್ತಿ ಎಷ್ಟಕ್ಕ ಹೋತೋ?"

ಅವನ ಹೊಲ, ಅವನ ಬೆವರು, ಅವನ ಹತ್ತಿ. ಬೆಲೆ ಕೇಳುವುದು ದಾರಿಯಲ್ಲಿ ಹೋಗುವ ನನ್ನನ್ನು. ಸವಣೂರಿಗೆ ಹೋಗದೆ ಅಲ್ಲೇ ಕೂತು ಬರೆದೆ. ವಲ್ಲಿ ತೆಗೆಯಬೇಕು, ಬೆಲೆಯನ್ನು ಎಲ್ಲರ ಮುಂದೆ ಲಿಲಾವು ಮಾಡಿ, ಹರಾಜಿನ ಹಾಗೆ ಕೂಗಬೇಕು, ಬೆಳೆದವನ ಕಿವಿಗೆ ಅದು ಬೀಳಬೇಕು ಎಂದು ಬರೆದೆ. ಒಂದು ವಾರವಲ್ಲ, ಎಷ್ಟೋ ವಾರ ಬರೆದೆ. ನನ್ನ ಇಡೀ ನೌಕರಿಯಲ್ಲಿ ಜನ ಖಾರ ಕಟ್ಟದೆ ಎತ್ತಿಟ್ಟುಕೊಂಡ ಬರಹ ಅದೊಂದೇ.

ಮೊದಲನೆಯದು ಅಚ್ಚಾದ ಮೇಲೆ ಸವಣೂರಿಗೆ ಮರಳಿದೆ. ಮಾವ ಪಡಸಾಲೆಯಲ್ಲಿ ಕೂತಿದ್ದ. ಪತ್ರಿಕೆ ಪಕ್ಕದಲ್ಲಿತ್ತು. ಊಟಕ್ಕೆ ಕೂತೆವು. ನಾನು ರೂಢಿಯಂತೆ ಬಲಗೈ ಮುಂದೆ ಇಟ್ಟೆ. ವಲ್ಲಿ ಅವನ ಹೆಗಲ ಮೇಲೇ ಇತ್ತು.

"ರೊಟ್ಟಿ... ಎಷ್ಟು?" ಎಂದ.

ನಿಂಬವ್ವತ್ತಿಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು.

"ಇದೇನ ಮಾಂವಾ?" ಎಂದೆ.

"ಬ... ಬಾಯಿಬಿಟ್ಟ ಹೇಳಬೇಕಲ್ಲಪಾ ಇನ್ನ ಮ್ಯಾಲೆ," ಎಂದ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಉತ್ತರ ಸಿದ್ಧವಿತ್ತು. ಎರಡು ಎಂದೆ. ಅವನು ಐದು ಎನ್ನಲಿಲ್ಲ. ನಿಂಬವ್ವತ್ತಿ ಎರಡೇ ಹಾಕಿದಳು. ನಾನು ಹಸಿದುಕೊಂಡು ಎದ್ದೆ.

ಕೈ ತೊಳೆದ ಮೇಲೆ ವಾದ ಮಾಡಿದೆ. ರೈತನ ಕತೆ ಹೇಳಿದೆ. ಅವನು ಕೊನೆಯತನಕ ಕೇಳಿದ. ಕಣ್ಣು ಮುಚ್ಚಿ, ಒಂದೊಂದೇ ಶಬ್ದವನ್ನು ಎಳೆದು ತಂದು ಹೇಳಿದ: "ಖರೇ ಐತಿ ಈರ್ಯಾ. ಕಳ್ಳರು ಅದಾರ. ಆದ್ರ ಹೋದ ಸುಗ್ಗಿಗೆ ಬ... ಬಂಕಾಪುರದಾಕಿ ತೊಯ್ದ ಮೆ... ಮೆಣಸಿನಕಾಯಿ ತಂದಿದ್ಲಲ್ಲ. ಅಂಥಾಕಿ ಮಾಲನ್ನ ಮಂದಿ ಮುಂದ ಕೂಗಿ, ಕಡಿಮಿ ಬೆಲಿ ಕೂಗಿ, ಆಕಿ ಮಾ... ಮಾನಾ ಕಳೀಬೇಕೇನು?"

ಆ ಹೆಂಗಸು ನನಗೂ ನೆನಪಿದ್ದಳು. ಗಂಡ ಸತ್ತವಳು. ಕಾಯಿ ಕಪ್ಪಿಟ್ಟಿದ್ದವು. ಅವತ್ತು ಗಿರಾಕಿ ಕೊಟ್ಟದ್ದು ಎಷ್ಟು, ಮಾವ ತನ್ನ ದಲಾಲಿಯಿಂದ ಅದಕ್ಕೆ ಸೇರಿಸಿದ್ದು ಎಷ್ಟು ಎಂಬುದು ವಲ್ಲಿಗೆ ಮಾತ್ರ ಗೊತ್ತು. ಅವಳು ಎಲ್ಲರ ಹಾಗೆ ದುಡ್ಡು ಎಣಿಸಿಕೊಂಡು, ಎಲ್ಲರ ಹಾಗೆ ತಲೆಯೆತ್ತಿ ಹೋದಳು. ಇವತ್ತು ಬರೆಯಬೇಕಾಗಿ ಬಂದರೂ ರೈತನ ಪರವಾಗಿ ನಾನು ಅದೇ ಬರೆಯುತ್ತೇನೆ, ಅದೇ ಮಾತುಗಳಲ್ಲಿ ಬರೆಯುತ್ತೇನೆ. ಆದರೂ ಇವತ್ತಿಗೂ ತಟ್ಟೆಗೆ ಎರಡೇ ರೊಟ್ಟಿ ಬಿದ್ದರೆ ಮೂರನೆಯದನ್ನು ಕೇಳಿ ಹಾಕಿಸಿಕೊಳ್ಳುತ್ತೇನೆ.

ಶಿಗ್ಗಾಂವಿಯಲ್ಲಿ ಮೊದಲು ಲಿಲಾವು ಶುರುವಾಯಿತು. ಸವಣೂರು ಆಗ ನವಾಬರ ಊರು, ಅಲ್ಲಿಯ ರೀತಿ ಬೇರೆ ಎಂದು ನಮ್ಮ ದಲಾಲರು ಧೈರ್ಯದಿಂದಿದ್ದರು. ಆದರೆ ಬಂಡಿ ಹೂಡುವವನಿಗೆ ಯಾವ ಊರು ಯಾರದಾದರೇನು? ಬೆಲೆ ಕಿವಿಗೆ ಬೀಳುವ ಕಡೆ ಎತ್ತು ತಿರುಗಿಸಿದ. ಒಂದು ಸುಗ್ಗಿ ಸವಣೂರು ಪೇಟೆ ಭಣಭಣ ಎಂದಿತು. ಕೊನೆಗೆ ಪೇಟೆಯ ಹಿರಿಯರೇ ಕೂಡಿ ವಲ್ಲಿ ತೆಗೆಯುವುದೆಂದು ಗೊತ್ತು ಮಾಡಿದರು. ಮೊದಲ ಲಿಲಾವಿನ ದಿನ ಬಾತ್ಮಿ ಬರೆಯಲು ನಾನು ಹೋದೆ. ಹುಮ್ಮಸ್ಸಿನಿಂದಲೇ ಹೋದೆ. ಹೊಸ ಅಂಗಿ ಹಾಕಿಕೊಂಡಿದ್ದೆ.

ಪ್ರತಿಯೊಬ್ಬ ದಲಾಲನೂ ತನ್ನ ರೈತನ ಗುಡ್ಡೆಯ ಮೇಲೆ ನಿಂತು, ಗಿರಾಕಿ ಹೇಳಿದ ಬೆಲೆಯನ್ನು ಕೂಗಿ, ಮತ್ತೊಬ್ಬನನ್ನು ಏರಿಸಬೇಕು. ಹರೆಯದ ಇಬ್ಬರು ಮೂವರು ಚೆನ್ನಾಗಿ ಕೂಗಿದರು. ಅವರ ರೈತರ ಮುಖ ಅರಳುವುದನ್ನು ನೋಡಿದೆ, ಬರೆದುಕೊಂಡೆ. ಆಮೇಲೆ ಮಾವ ಗುಡ್ಡೆ ಹತ್ತಿದ.

ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವನು ನಾನು. ಅವನ ತೊದಲು ನಮ್ಮ ಮನೆಯ ಬಾಗಿಲಿನ ಕಿರುಗುಟ್ಟುವಿಕೆಯ ಹಾಗೆ; ಇದೆ ಎಂಬುದೇ ನಮಗೆ ಮರೆತುಹೋಗಿತ್ತು. ಅಷ್ಟು ಬರೆದವನಿಗೆ ಅದೊಂದು ಹೊಳೆದಿರಲಿಲ್ಲ. ಗುಡ್ಡೆಯ ಮೇಲೆ ಅವನ ಕತ್ತಿನ ನರ ಉಬ್ಬಿದಾಗ ಹೊಳೆಯಿತು.

"ನೂ..." ಎಂದ. ಕಣ್ಣು ಮುಚ್ಚಿದ. "ನೂ... ನೂ..."

ನೂರು ಎಂಬುದನ್ನು ದಾಟದೆ ಆ ವರ್ಷ ಯಾವ ಹತ್ತಿಯ ಬೆಲೆಯೂ ಇರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಅವರನ್ನು ಗದರಿದರು. ಅದು ಇನ್ನೂ ಕೆಟ್ಟದ್ದಾಯಿತು. ಚಿಕ್ಕಂದಿನಲ್ಲಿ ಅವನ ಹೆಸರನ್ನು ಕೂಗಿ ಹೇಳುತ್ತಿದ್ದವನು ನಾನು. ಅವತ್ತು ಬಾಯಿ ತೆರೆದೆ ಕೂಡ. ಆದರೆ ಬಾತ್ಮೀದಾರ ಬೆಲೆ ಕೂಗುವ ಹಾಗಿಲ್ಲ, ಗಿರಾಕಿ ಹೇಳಿದ್ದು ಎಷ್ಟೆಂದು ನನಗೆ ಕೇಳಿಸಿಯೂ ಇರಲಿಲ್ಲ. ಪಕ್ಕದ ಅಂಗಡಿಯ ಹುಡುಗ ಗುಡ್ಡೆಯ ಮೇಲೆ ಹಾರಿ, ಮಾವನ ಬದಲು ಕೂಗಿ, ಒಳ್ಳೆಯ ಬೆಲೆಗೇ ಮುಗಿಸಿದ. ಮಾವ ವಲ್ಲಿಯಿಂದ ಮುಖ ಒರೆಸಿಕೊಂಡ. ಅದನ್ನು ಹೆಗಲಿಗೆ ಹಾಕಿಕೊಳ್ಳದೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ರೈತನಿಗೆ ಕೈ ಮುಗಿದು, ಪೇಟೆಯಿಂದ ಹೊರಗೆ ನಡೆದ. ಮತ್ತೆ ಒಳಗೆ ಬರಲಿಲ್ಲ.

ಆ ವಾರದ ನನ್ನ ಬಾತ್ಮಿ: ಸವಣೂರು ಪೇಟೆಯಲ್ಲಿ ಲಿಲಾವು ಸುಗಮ, ರೈತರಿಗೆ ಸಮಾಧಾನ. ಒಂದಕ್ಷರವೂ ಸುಳ್ಳಲ್ಲ.

ಅದೇ ಬರಹಗಳಿಂದ ನನಗೆ ಹೆಸರು ಬಂತು. ಹುಬ್ಬಳ್ಳಿಗೇ ಬಾ, ಕುರ್ಚಿ ಕೊಡುತ್ತೇವೆ, ನಾಲ್ಕು ತಾಲೂಕಲ್ಲ ಇಡೀ ಪ್ರಾಂತದ ಪೇಟೆ ನೋಡಿಕೋ ಎಂದರು. ಮಾವ ಅಂಗಡಿ ಮುಚ್ಚಿ, ಉಳಿದಿದ್ದ ತುಣುಕು ಎಲೆಬಳ್ಳಿ ತೋಟ ನೋಡಿಕೊಂಡಿದ್ದ. ನಾನು ಹೋಗುತ್ತೇನೆ ಎಂದಾಗ ತಲೆಯಾಡಿಸಿದ. ಹೊರಡುವ ದಿನ, ಯಾರೂ ಕೇಳದೆ, ಹುಸೇನಸಾಬನ ಟಾಂಗಾ ತರಿಸಿ ತಾನೂ ಹತ್ತಿ ಕೂತ. ಹೆಂಡತಿ ಮಕ್ಕಳನ್ನು ಆಮೇಲೆ ಕರೆಸಿಕೊಳ್ಳುವುದಿತ್ತು, ನಾವಿಬ್ಬರೇ. ಯಲವಿಗಿ ಸ್ಟೇಶನ್ನಿನವರೆಗೆ ದಾರಿಯುದ್ದಕ್ಕೂ ಹುಸೇನಸಾಬ ಒಬ್ಬನೇ ಮಾತಾಡಿದ, ಅದೂ ಕುದುರೆಯ ಜೊತೆ.

ಪ್ಲಾಟಫಾರ್ಮಿನ ಮೇಲೆ ಸವಣೂರು ವೀಳ್ಯದೆಲೆಯ ಪುಟ್ಟಿಗಳು ಒದ್ದೆ ಗೋಣಿತಟ್ಟು ಹೊದ್ದು ಸಾಲಾಗಿ ಕೂತಿದ್ದವು. ಗಾಡಿಗೆ ಇನ್ನೂ ಹೊತ್ತಿತ್ತು. ನಾವು ಒಂದು ಬಾಕಿನ ಮೇಲೆ ಕೂತೆವು. ಮಾವ ಕಂಕುಳಿಂದ ವಲ್ಲಿ ತೆಗೆದು, ಬಿಡಿಸಿ, ನನ್ನ ಬಲಗೈ ಮೇಲೆ ಹರವಿ ತನ್ನ ಕೈಯನ್ನು ಒಳಗೆ ತಂದ.

ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಮುನಿಸು ಮುಗಿಯಿತು, ಒಪ್ಪಿದ, ಕಳಿಸಿಕೊಡುತ್ತಿದ್ದಾನೆ ಎಂದುಕೊಂಡೆ. ಅಂಗೈ ತಟ್ಟಿದ, ಎಷ್ಟು ಕೊಡುತ್ತಾರೆ ಎಂದು ಕೇಳುತ್ತಿದ್ದಾನೆ. ಹುಬ್ಬಳ್ಳಿಯ ಸಂಬಳವನ್ನು ಬೆರಳಿನಲ್ಲಿ ಹೇಳಿದೆ. ಅವನು ಅದಕ್ಕಿಂತ ಸ್ವಲ್ಪ ಮೇಲೆ ಹಿಡಿದ. ನಾನು ನಕ್ಕೆ. ಹಳೆಯ ಪೇರಲ ಹಣ್ಣಿನ ಆಟ ಎಂದುಕೊಂಡು ಸುಮ್ಮನೆ ಗಿಲ್ಲಿದೆ. ಅವನು ಇನ್ನೂ ಏರಿಸಿದ. ಆಗ ಅವನ ಮುಖ ನೋಡಿದೆ. ಅದು ಆಟದ ಮುಖವಾಗಿರಲಿಲ್ಲ, ಪೇಟೆಯ ಮುಖವಾಗಿತ್ತು. ಕಣ್ಣು ದೂರದ ರೈಲು ಕೈಮರದ ಮೇಲೆ. ಏನೂ ನಡೆಯುತ್ತಿಲ್ಲ ಎಂಬಂತೆ ಇತ್ತು.

ಮಾವ ನನ್ನನ್ನು ಕೊಳ್ಳುತ್ತಿದ್ದ.

ಹೋಗಬೇಡ ಎಂದು ಹೇಳಲು ಅವನಿಗೆ ಬಾಯಿರಲಿಲ್ಲ. ಅವನಿಗೆ ಬರುತ್ತಿದ್ದ ಮಾತಿನಲ್ಲಿ ಹೇಳುತ್ತಿದ್ದ. ಏರಿಸಿದ, ಮತ್ತೆ ಏರಿಸಿದ. ಅಂಗಡಿ ಇಲ್ಲದವನು, ದಲಾಲಿ ಇಲ್ಲದವನು. ಆ ಬೆಲೆಗೆ ತೋಟ ಮಾರಬೇಕಿತ್ತು, ಮನೆ ಮಾರಬೇಕಿತ್ತು, ಮಾರಿದರೂ ಮುಟ್ಟುತ್ತಿರಲಿಲ್ಲ. ಪೇಟೆಯಲ್ಲಿ ಇಲ್ಲದ ದುಡ್ಡಿಗೆ ಅವನು ಎಂದೂ ಬೆರಳು ಹಿಡಿದವನಲ್ಲ. ನನ್ನ ಬೆರಳುಗಳು ನಿಂತುಹೋದವು. ಕೊನೆಗೆ ಒಂದು ಬೆಲೆ ಹಿಡಿದು, ತನ್ನ ಹೆಬ್ಬೆರಳನ್ನು ನನ್ನ ಅಂಗೈಯಲ್ಲಿಟ್ಟು ಕಾಯತೊಡಗಿದ. ಎಲೆ ಕಟ್ಟಿ ಕಟ್ಟಿ ಅದರ ತುದಿ ಸೀಳಿತ್ತು. ಅದು ನನ್ನ ಅಂಗೈಗೆ ಚುಚ್ಚುತ್ತಿತ್ತು.

ಗಾಡಿ ಬಂತು. ಹಮಾಲರು ಪುಟ್ಟಿ ಎತ್ತಿದರು. ನಾನು ಮುಷ್ಟಿ ಮುಚ್ಚಲಿಲ್ಲ, ಕೈಯನ್ನೂ ಎಳೆದುಕೊಳ್ಳಲಿಲ್ಲ. ಮಾವನೇ ವಲ್ಲಿ ತೆಗೆದ.

ನನ್ನ ಟ್ರಂಕು ಹೊತ್ತು ಬಂದ ಹುಸೇನಸಾಬ ವಲ್ಲಿ ನೋಡಿ ಹಲ್ಲು ಕಿರಿದ. "ಏನ್ರಿ ಸಾವಕಾರ್ರ, ಭಾಳ ದಿನಾ ಆದಮ್ಯಾಲೆ ವಲ್ಲಿ ಹಾಸೀರಿ. ಯಾಪಾರ ಆತೇನ್ರಿ?"

ನಾಲ್ಕು ಮಂದಿ ಹಮಾಲರು ತಿರುಗಿ ನೋಡಿದರು. ಮಾವ ವಲ್ಲಿಯನ್ನು ಹೆಗಲ ಮೇಲೆ ಹಾಕಿಕೊಂಡ. ನನ್ನ ಬೆನ್ನ ಮೇಲೆ ಕೈಯಿಟ್ಟು ಗಾಡಿಯ ಕಡೆ ಮೆಲ್ಲಗೆ ನೂಕಿದ.

"ಆತು," ಎಂದ.

ಅದು ನಮ್ಮ ಕೊನೆಯ ವ್ಯಾಪಾರ. ಮುಂದಿನ ಸುಗ್ಗಿಯ ಹೊತ್ತಿಗೆ ಅವನಿರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಕುರ್ಚಿಯ ಮೇಲೆ ಕೂತು ಮುದುಕನಾಗುವವರೆಗೆ ಬೆಲೆ ಬರೆದೆ. ಯಾವ ಬೆಲೆಯೂ ಮುಚ್ಚಿಡಬಾರದು ಎಂದು ಹೊಸ ಹುಡುಗರಿಗೆ ಕಲಿಸಿದೆ. ಯಲವಿಗಿಯಲ್ಲಿ ಮಾವ ಕೊನೆಗೆ ಹಿಡಿದ ಬೆಲೆ ಎಷ್ಟು ಎಂದು ನನ್ನಾಕೆ ಎಷ್ಟೋ ಸಲ ಕೇಳಿದ್ದಾಳೆ. ಹೇಳಿಲ್ಲ. ನಿಮಗೆ ಮಾತ್ರ ಯಾಕೆ ಹೇಳಲಿ? ಅದು ವಲ್ಲಿಯ ಕೆಳಗಿನದು.

ಡಾಕ್ಟರರು ನಾಳೆ ಮತ್ತೆ ಬರುತ್ತಾರಂತೆ. ಶಾಲು ಹೊದೆಯದೆ ಕೂರಬೇಕು. ಹಿಡಿಯಬೇಕಾದ ಹೆಬ್ಬೆರಳನ್ನು ಹಿಡಿಯಬೇಕಾದ ದಿನ ಹಿಡಿಯದ ಕೈ ಇದು. ಈಗ ಸಿಕ್ಕಿದವರದೆಲ್ಲ ಹಿಡಿಯುತ್ತದೆ.